ಒತ್ತುವ ಕಾಲು

“ಬುದ್ಧಿ, ಜೀವ ಹೋಗುವ ಗಳಿಗೆಯಲ್ಲಿ ಬಾಯಿಗೆ ಬಾರದ ಜಪ ಇದ್ದೇನು ಫಲ?”

ಚನ್ನಂಜಯ್ಯ ಕೇಳಿದ. ಕೇಳಿ ತನ್ನ ಜಪಸರವನ್ನು ಗುರುಗಳ ಮುಂದೆ ನೆಲದ ಮೇಲೆ ಇಟ್ಟ. ಕಂಕುಳಲ್ಲಿ ಬಟ್ಟೆಯ ಗಂಟಿತ್ತು.

ಅವನು ಹೆಂಡತಿ ತೀರಿಕೊಂಡ ಮೇಲೆ ಮಠಕ್ಕೆ ಬಂದವನು. ಪೂಜೆಗೆ ಕೊಳದಿಂದ ನೀರು ತರುವುದು ಅವನ ಕೆಲಸ. ನೀರು ಹೊರುವಾಗ ಶಿವನಾಮ. ಸೌದೆ ಒಡೆಯುವಾಗ ಶಿವನಾಮ. ಚನ್ನಂಜಯ್ಯ ಆಕಳಿಸಿದರೂ ಶಿವಾ ಎಂದೇ ಆಕಳಿಸುತ್ತಾನೆ ಎಂದು ಮಠದವರು ನಗುತ್ತಿದ್ದರು.

ಹಿಂದಿನ ದಿನ ಕೊಳದ ಮೆಟ್ಟಿಲ ಪಾಚಿಯಲ್ಲಿ ಜಾರಿದ. ಈಜು ಬಾರದವನು. ಮುಳುಗಿದ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೂದಲು ಹಿಡಿದು ಮೇಲಕ್ಕೆ ಎಳೆದರು.

“ಮುಳುಗೋವಾಗ ಏನು ಕೂಗಿದೆ ಗೊತ್ತಾ ಬುದ್ಧಿ? ಹೊಂಬಾಳೀ ಅಂತ ಕೂಗಿದೆ. ಸತ್ತುಹೋದ ಹೆಂಡತಿ ಹೆಸರು. ದಡದಲ್ಲಿದ್ದೋರೆಲ್ಲ ಕೇಳಿಸ್ಕೊಂಡವ್ರೆ. ಶಿವನ ಹೆಸರು ನೆನಪೇ ಆಗಲಿಲ್ಲ. ಇಷ್ಟು ಕಾಲ ನಾನು ಎಣಿಸಿದ್ದು ಬರೀ ಮಣಿ. ಮಠದ ಅನ್ನ ತಿನ್ನೋಕೆ ಯೋಗ್ಯನಲ್ಲ. ಅಪ್ಪಣೆ ಕೊಡಿ, ಹೋಗ್ತೀನಿ.”

ಗುರುಗಳು ಜಪಸರವನ್ನು ಮುಟ್ಟಲಿಲ್ಲ.

“ಗಂಟು ಕೆಳಗಿಡು,” ಅಂದರು. “ಹೋಗುವವನನ್ನು ಹಿಡಿಯುವುದಿಲ್ಲ. ಒಂದು ಕತೆ ಕೇಳಿಕೊಂಡು ಹೋಗು.”

ಚನ್ನಂಜಯ್ಯ ಕೂತ. ಗಂಟನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡ.

ಗುರುಗಳು ಹೇಳಿದರು.

ಒಂದೂರಿನಲ್ಲಿ ಒಬ್ಬ ಮರ ಕಡೆಯುವವನಿದ್ದ. ಲಟ್ಟಣಿಗೆ, ಕಡಗೋಲು, ಬುಗುರಿ, ತೊಟ್ಟಿಲ ಕಂಬ, ಇವು ಅವನ ಕೆಲಸ. ಮರದ ತುಂಡನ್ನು ಎರಡು ಮೊಳೆಗಳ ನಡುವೆ ಕಚ್ಚಿಸಬೇಕು. ಅದು ತಿರುಗುವಾಗ ಉಳಿ ಹಿಡಿಯಬೇಕು. ಮರ ತಾನಾಗಿ ದುಂಡಗಾಗುತ್ತದೆ.

ಮರ ತಿರುಗಿಸಲು ಮೊದಲು ಹಗ್ಗದ ಲೇತು ಇತ್ತು. ಹೆಂಡತಿ ಹಗ್ಗ ಎಳೆಯುತ್ತಿದ್ದಳು, ಗಂಡ ಉಳಿ ಹಿಡಿಯುತ್ತಿದ್ದ. ಅವಳು ನಿಲ್ಲಿಸಿದರೆ ಮರ ನಿಲ್ಲುತ್ತಿತ್ತು. ಅವಳು ಕೆಮ್ಮಿದರೂ ಮರಕ್ಕೆ ಗೊತ್ತಾಗುತ್ತಿತ್ತು.

ಆಮೇಲೆ ಮೋಟಾರು ಬಂತು. ಹಗ್ಗ ಹೋಯಿತು. ಅವಳ ತೋಳಿಗೆ ಸುಖವಾಯಿತು. ಆದರೆ ಸ್ವಿಚ್ಚು ಬಾಗಿಲ ಪಕ್ಕದ ಗೋಡೆಯಲ್ಲಿತ್ತು. ಲೇತಿನ ಮುಂದೆ ನಿಂತವನ ಕೈಗೆ ಅದು ಎಟುಕದು. ಉಳಿ ಹಿಡಿದವನಿಗೆ ಎರಡು ಕೈಯೂ ಬೇಕು. ಹಾಗಾಗಿ ಅವಳು ಸ್ವಿಚ್ಚಿನ ಕೆಳಗೆ ಕೂತಳು. ಅವನು ಹಾಕು ಅಂದರೆ ಹಾಕುವುದು, ಆರಿಸು ಅಂದರೆ ಆರಿಸುವುದು. ನಡುವೆ ಅಕ್ಕಿ ಆರಿಸುವಳು, ಸೊಪ್ಪು ಬಿಡಿಸುವಳು.

ಹಾಕುವ ಮುಂಚೆ ಒಂದು ಕೆಲಸ ತಪ್ಪದೆ ಮಾಡುತ್ತಿದ್ದಳು. ಗಂಡನ ಹೆಗಲ ಮೇಲಿನ ವಸ್ತ್ರ ಎಳೆದು ಗೂಟಕ್ಕೆ ಹಾಕುತ್ತಿದ್ದಳು. ತಿರುಗುವ ಮರಕ್ಕೆ ಬಟ್ಟೆ ಸಿಕ್ಕಿದರೆ ಮರ ಬಿಡುವುದಿಲ್ಲ.

ಕೆಲವು ಸಲ ಅವನು ಹೇಳುವ ಮುಂಚೆಯೇ ಆರಿಸಿಬಿಡುತ್ತಿದ್ದಳು. ಮರದ ಗಂಟಿಗೆ ಉಳಿ ಕಚ್ಚುತ್ತಿತ್ತು. ಅವನು ಬಾಯಿ ತೆರೆಯುವುದರೊಳಗೆ ಮೋಟಾರು ನಿಂತಿರುತ್ತಿತ್ತು. ಅವನಿಗೆ ಸಿಟ್ಟು.

“ಹೇಳೋ ಮುಂಚೆ ಯಾಕೆ ಆರಿಸಿದೆ?”

“ನಿಮ್ಮ ಕಾಲು ಹೇಳ್ತು.”

“ಕಾಲಿಗೂ ಬಾಯಿ ಬಂತಾ?”

“ನಿಮ್ಮ ಬಾಯಿಗಿಂತ ಅದೇ ವಾಸಿ. ಬೈಯೋದಿಲ್ಲ.”

ಅವನಿಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ. ಹೆಂಗಸರ ಮಾತು ಅಂದುಕೊಂಡ. ಮತ್ತೆ ಹಾಕು ಅಂದ. ಅವಳು ಹಾಕಿದಳು.

ಅವನು ನಿಲ್ಲುವ ಕಡೆ ಮಣ್ಣಿನ ನೆಲದಲ್ಲಿ ಒಂದು ಗುಳಿ ಬೀಳುತ್ತಿತ್ತು. ಅವಳು ಅದಕ್ಕೆ ಮಣ್ಣು ತುಂಬಿ, ಸಗಣಿ ಹಾಕಿ ಸಾರಿಸುತ್ತಿದ್ದಳು. ಸ್ವಲ್ಪ ದಿನಕ್ಕೆ ಮತ್ತೆ ಬೀಳುತ್ತಿತ್ತು. ನಿಂತೂ ನಿಂತೂ ಬಿದ್ದ ಗುಳಿ ಎಂದು ಅವನು ತಿಳಿದಿದ್ದ.

ಅವರಿಗೆ ಒಬ್ಬಳೇ ಮಗಳು. ಮದುವೆಯಾಗಿ ಹೋದಳು. ಒಂದು ದಿನ ಮಗಳು ಬಸುರಿ ಎಂದು ಸುದ್ದಿ ಬಂತು. ಚೊಚ್ಚಲ ಮಗುವಿಗೆ ತೊಟ್ಟಿಲು ತವರಿನಿಂದ ಹೋಗಬೇಕು. ತಾಯಿ ಅದೇ ದಿನ ಹಿತ್ತಲಲ್ಲಿದ್ದ ಹಲಸಿನ ದಿಮ್ಮಿಯನ್ನು ಅಟ್ಟಕ್ಕೆ ಹಾಕಿಸಿದಳು.

“ಇದು ಮೊಮ್ಮಗುವಿನ ತೊಟ್ಟಿಲಿಗೆ. ಬುಗುರಿ ಗಿಗುರಿ ಅಂತ ಇದಕ್ಕೆ ಕೈ ಹಾಕಿದರೆ ಊಟ ಇಲ್ಲ, ನೋಡಿ.”

ಮರ ಒಣಗುವ ಮೊದಲು ಅವಳು ಹೋದಳು. ಜ್ವರ ಬಂತು. ಹೋದಳು. ಅಷ್ಟೇ.

ತಿಥಿ ಮುಗಿಯಿತು. ಮಗಳು ಗಂಡನ ಮನೆಗೆ ಹೋದಳು. ಅವನು ಲೇತಿನ ಮುಂದೆ ನಿಂತ. ಮರ ಕಚ್ಚಿಸಿದ. ಉಳಿ ಹಿಡಿದ. ಹಾಕು ಅಂದ.

ಮರ ತಿರುಗಲಿಲ್ಲ.

ಉಳಿ ಕೆಳಗಿಟ್ಟು, ಬಾಗಿಲಿಗೆ ಹೋಗಿ, ತಾನೇ ಸ್ವಿಚ್ಚು ಹಾಕಿ ಬಂದ. ಉಳಿ ಕಚ್ಚಿತು. ಆರಿಸು ಎಂದು ಕೂಗಿದ. ಆರಿಸುವವರು ಇಲ್ಲ. ಬಿಟ್ಟು ಓಡಿದ. ಅಷ್ಟರಲ್ಲಿ ಮರ ಹಾರಿ ಗೋಡೆಗೆ ಬಡಿಯಿತು.

ಪಕ್ಕದ ಮನೆಯಲ್ಲಿ ಒಬ್ಬ ಕಮ್ಮಾರನಿದ್ದ. ಸದ್ದು ಕೇಳಿ ಬಂದ. ಬಾಯಿ ಒರಟು, ಮನಸ್ಸು ಮೆದು.

“ಸ್ವಿಚ್ಚು ಆರಿಸೋಕೆ ಒಬ್ಬಳನ್ನ ಕಟ್ಕೊಂಡು ಬಿಡು,” ಅಂದ.

ಕಡೆಯುವವನು ಗೋಡೆಯ ಬುಡಕ್ಕೆ ಬಿದ್ದ ಮರವನ್ನು ಎತ್ತಿಕೊಂಡ. ಕಮ್ಮಾರ ತಲೆ ತಗ್ಗಿಸಿದ. ಆಮೇಲೆ, “ಹೊಲಿಗೆ ಮಿಷನ್ನಿಗೆ ಕಾಲಲ್ಲಿ ಒತ್ತೋದು ಇರ್ತದಲ್ಲ. ಅಂಥದೊಂದು ಮಾಡ್ಕೊ,” ಅಂದ.

ಇಬ್ಬರೂ ಕೂತು ಮಾಡಿದರು. ಒಂದು ಹಲಗೆ. ಅದಕ್ಕೆ ಕಿಟಕಿಯ ಹಳೆಯ ಕೀಲು. ಕೆಳಗೆ ಸೈಕಲ್ ಸೀಟಿನ ಸ್ಪ್ರಿಂಗು. ಸ್ಪ್ರಿಂಗಿನ ಪಕ್ಕದಲ್ಲಿ ಸ್ವಿಚ್ಚು, ಅದರಿಂದ ಮೋಟಾರಿಗೆ ತಂತಿ. ಹಲಗೆಯ ಮೇಲೆ ಕಾಲಿಟ್ಟು ಒತ್ತಿದರೆ ಲೇತು ಓಡುತ್ತದೆ. ಕಾಲು ಎತ್ತಿದರೆ ನಿಲ್ಲುತ್ತದೆ. ಹಲಗೆಯನ್ನು ಅವನು ನಿಲ್ಲುವ ಕಡೆಯೇ ಇಟ್ಟರು. ನೆಲದ ಗುಳಿಯಲ್ಲಿ ಸ್ಪ್ರಿಂಗು ಅಳತೆ ತೆಗೆದ ಹಾಗೆ ಕೂತಿತು.

“ಮುಗೀತು,” ಅಂದ ಕಮ್ಮಾರ. “ಇನ್ನು ನಿನಗೆ ಯಾರ ಹಂಗೂ ಇಲ್ಲ.”

ಹಲಗೆ ಚೆನ್ನಾಗಿ ಕೆಲಸ ಮಾಡಿತು. ಲಟ್ಟಣಿಗೆ ಕಡೆದ. ಕಡಗೋಲು ಕಡೆದ. ಕಾಲಿಟ್ಟ, ಎತ್ತಿದ. ಇಟ್ಟ, ಎತ್ತಿದ. ಅವಳ ಕೈಯ ಕೆಲಸವನ್ನು ಹಲಗೆ ಮಾಡಿತು. ಅವಳ ಕಣ್ಣಿನ ಕೆಲಸ ಯಾರೂ ಮಾಡಲಿಲ್ಲ. ಅದು ಅವನಿಗೆ ಹೊಳೆಯಲಿಲ್ಲ.

ಹಲಸು ಒಣಗಿತು. ಅಟ್ಟದಿಂದ ಇಳಿಸಿದ. ಕೊಯ್ದು ಕಂಬಗಳಿಗೆ ತುಂಡು ಮಾಡಿದ. ಬೇಕಾದ ಕಂಬಗಳಿಗಿಂತ ಒಂದು ತುಂಡು ಮಾತ್ರ ಹೆಚ್ಚಿತ್ತು.

ಮೊದಲ ಕಂಬ ಕಚ್ಚಿಸಿದ. ಸೆಕೆ. ಕೊರಳಿಗೆ ಬಟ್ಟೆ ಸುತ್ತಿಕೊಂಡಿದ್ದ. ಅದು ಅವಳ ಹಳೆಯ ಸೀರೆಯ ತುಂಡು. ಅವಳು ಹೋದಾಗಿನಿಂದ ಅದನ್ನು ಮೈಮೇಲಿಂದ ತೆಗೆದಿರಲಿಲ್ಲ. ತೆಗೆದು ಗೂಟಕ್ಕೆ ಹಾಕುವವರೂ ಇರಲಿಲ್ಲ.

ಕಂಬದ ನುಣುಪು ನೋಡಲು ಬಗ್ಗಿದ. ಬಟ್ಟೆಯ ತುದಿ ಜಾರಿ ಕಂಬಕ್ಕೆ ತಾಗಿತು.

ಕಂಬ ಬಟ್ಟೆಯನ್ನು ಸುತ್ತಿಕೊಂಡಿತು. ಬಟ್ಟೆ ಕೊರಳನ್ನು ಎಳೆಯಿತು. ಕಾಲು ಎತ್ತಬೇಕು ಎಂದು ಅವನಿಗೆ ಗೊತ್ತಿತ್ತು. ಹಲಗೆ ಮಾಡಿದವನೇ ಅವನು. ಕಾಲು ಎತ್ತಿದರೆ ನಿಲ್ಲುತ್ತದೆ.

ಕಾಲು ಎತ್ತಲಿಲ್ಲ. ಒತ್ತಿತು.

ಹೆದರಿದಷ್ಟೂ ಒತ್ತಿತು. ಒತ್ತಿದಷ್ಟೂ ಲೇತು ಓಡಿತು. ಮುಖ ಮರಕ್ಕೆ ಬಡಿಯಿತು. ಆಗ ಬಟ್ಟೆ ಹರಿಯಿತು. ಅವಳು ಉಟ್ಟು, ಒಗೆದು, ಉಟ್ಟು, ಒಗೆದು ಸವೆದ ಬಟ್ಟೆ. ಹೊಸದಾಗಿದ್ದರೆ ಹರಿಯುತ್ತಿರಲಿಲ್ಲ.

ಅವನು ಹಿಂದಕ್ಕೆ ಬಿದ್ದ. ಒಂದು ಹಲ್ಲು ಹೋಗಿತ್ತು. ಕಂಬ ಸೀಳಿತ್ತು.

ಈಗ ಹೆಚ್ಚಿನ ತುಂಡು ಇಲ್ಲ. ಇನ್ನೊಂದು ಸೀಳಿದರೆ ಆ ದಿಮ್ಮಿಯಲ್ಲಿ ತೊಟ್ಟಿಲು ಆಗದು.

ಮಗಳಿಗೆ ಸುದ್ದಿ ಮುಟ್ಟಿತು. ಓಡಿಬಂದಳು. ತುಂಬಿದ ಬಸುರಿ.

“ಅಪ್ಪಯ್ಯ, ತೊಟ್ಟಿಲು ಅಂಗಡೀಲಿ ಸಿಗ್ತದೆ. ನೀನು ಅಂಗಡೀಲಿ ಸಿಗಲ್ಲ. ಸಾಕು ಬಿಡು.”

“ನಿಮ್ಮವ್ವ ತೆಗೆದಿಟ್ಟ ಮರ ಕಣವ್ವ,” ಅಂದ ಅವನು. ಹಲ್ಲು ಹೋದ ಕಡೆ ಮಾತು ಗಾಳಿಯಾಗಿ ಬಂತು. ಮಗಳು ನಗಲು ಹೋಗಿ ಅತ್ತಳು.

ಕಾಲಿಗೆ ಕಲಿಸಬೇಕು ಎಂದು ಕಮ್ಮಾರ ಹೇಳಿದ. ಅಭ್ಯಾಸ ಮಾಡಿದರೆ ಆಗದ್ದು ಯಾವುದು? ಅವನು ಮರವಿಲ್ಲದ ಲೇತನ್ನು ಓಡಿಸಿ ಕಾಲು ಎತ್ತುವುದನ್ನು ಕಲಿತ. ಎತ್ತು ಎಂದುಕೊಂಡು ಎತ್ತಿದ. ಬೆಳಿಗ್ಗೆ ಎತ್ತಿದ, ಸಂಜೆ ಎತ್ತಿದ. ಉಣ್ಣುವಾಗಲೂ ಮಣೆಯ ಮೇಲೆ ಕೂತು ಕಾಲು ಎತ್ತುತ್ತಿದ್ದ. ಕಮ್ಮಾರ ಹಿಂದೆ ನಿಂತು, ಈಗ ಬಡೀತೀನಿ ನೋಡು ಅಂದು ತಗಡು ಬಡಿದ. ಕಾಲು ಮೇಲೆದ್ದಿತು.

“ಕಲೀತಲ್ಲ!” ಅಂದ ಕಮ್ಮಾರ.

ಮಾರನೆಯ ದಿನ ಹೇಳದೆ ಬಂದ. ಸದ್ದಿಲ್ಲದೆ ಬೆನ್ನ ಹಿಂದೆ ನಿಂತು ತಗಡು ಬಡಿದ. ಕಡೆಯುವವನು ಬೆಚ್ಚಿದ. ಹಲಗೆ ಕಿರ್ ಅಂದಿತು. ಕಾಲು ಅದನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಲೇತು ಓಡುತ್ತಲೇ ಇತ್ತು.

ಕಮ್ಮಾರ ತಗಡು ಎಸೆದ. “ನಿನ್ನ ಕಾಲು ಕತ್ತೆ ಕಣಯ್ಯ. ಎಷ್ಟು ಹೇಳಿದರೂ ಅಷ್ಟೇ,” ಅಂದು ಹೋದ.

ಕಡೆಯುವವನು ತನ್ನ ಕಾಲನ್ನು ನೋಡಿದ. ಅದಕ್ಕೆ ಎರಡು ಏಟು ಹೊಡೆದ. ಆಮೇಲೆ ಹಲಗೆಯನ್ನು ಕಿತ್ತು ಬಿಸಾಡಲು ಎತ್ತಿದ.

ಕೆಳಗೆ ಗುಳಿ ಇತ್ತು.

ಸ್ಪ್ರಿಂಗು ತೆಗೆದು ನೋಡಿದ. ನಿಂತದ್ದರಿಂದ ಬಿದ್ದ ಗುಳಿಯಾದರೆ ಎರಡು ಕಾಲಿನ ಕಡೆಯೂ ಬೀಳಬೇಕು. ಇದು ಒಂದೇ. ಬಲಗಾಲಿನದು. ಮುಂಗಾಲಿನ ಕಡೆ ಆಳ, ಹಿಮ್ಮಡಿಯ ಕಡೆ ಇಲ್ಲ. ಕಾಲನ್ನು ಅದರಲ್ಲಿ ಇಟ್ಟ. ಕೂತಿತು.

ಹೆದರಿದಾಗಲೆಲ್ಲ ಒತ್ತಿ ಒತ್ತಿ ಬಿದ್ದ ಗುಳಿ ಅದು. ಹರೆಯದಿಂದಲೂ ಒತ್ತಿದ್ದ. ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಮತ್ತೆ ಮತ್ತೆ ಮಣ್ಣು ತುಂಬಿದವಳು ಅವಳು. ಅಕ್ಕಿ ಆರಿಸುತ್ತ ಅವಳು ಅವನ ಕೈ ನೋಡುತ್ತಿರಲಿಲ್ಲ, ಉಳಿ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದಳು. ಕಾಲು ಒತ್ತಿದರೆ ಆರಿಸುತ್ತಿದ್ದಳು.

ನಿಮ್ಮ ಕಾಲು ಹೇಳ್ತು.

ಅವನು ಬಹಳ ಹೊತ್ತು ಗುಳಿಯ ಪಕ್ಕದಲ್ಲಿ ಕೂತ.

ಆಮೇಲೆ ಎದ್ದು ಹಲಗೆಯನ್ನು ಬಿಚ್ಚಿದ. ಸ್ವಿಚ್ಚನ್ನು ತಿರುಗಿಸಿ ಕೂರಿಸಿದ. ಈಗ ಗೋಡೆಯ ಸ್ವಿಚ್ಚು ಹಾಕಿದರೆ ಲೇತು ಓಡುತ್ತದೆ. ಹಲಗೆ ಒತ್ತಿದರೆ ನಿಲ್ಲುತ್ತದೆ. ಹೊಸದಾಗಿ ಒಂದು ಕೊಕ್ಕೆ ಇಟ್ಟ. ಒಮ್ಮೆ ಕೆಳಗೆ ಹೋದ ಹಲಗೆ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಬಗ್ಗಿ ಕೈಯಿಂದ ಎತ್ತುವ ತನಕ ಲೇತು ಮತ್ತೆ ಓಡದು.

ಕಮ್ಮಾರ ನೋಡಿದ. “ಲೋಕವೆಲ್ಲ ಒತ್ತಿದರೆ ಓಡೋ ಹಾಗೆ ಮಾಡ್ತದೆ. ನೀನು ಒತ್ತಿದರೆ ನಿಲ್ಲೋ ಹಾಗೆ ಮಾಡಿದ್ದೀಯ. ಸೋತೆಯಾ ನಿನ್ನ ಕಾಲಿಗೆ?”

“ಸೋತೆ,” ಅಂದ ಅವನು. “ಅದು ಬಲ್ಲದ್ದು ಒಂದೇ ಕೆಲಸ. ಅದನ್ನೇ ಮಾಡಲಿ.”

ಸೀರೆಯ ತುಂಡನ್ನು ಕೊರಳಿಂದ ತೆಗೆದ. ಗೂಟಕ್ಕೆ ಹಾಕಿದ. ಕಂಬ ಕಚ್ಚಿಸಿದ.

ಒಂದೊಂದೇ ಕಂಬ ಕಡೆದ. ಕೊನೆಯ ಕಂಬದಲ್ಲಿ ಒಳಗೊಂದು ಗಂಟಿತ್ತು. ಹೊರಗೆ ಕಾಣುತ್ತಿರಲಿಲ್ಲ. ಉಳಿ ಅದಕ್ಕೆ ಕಚ್ಚಿತು. ಕೈ ಎಳೆಯಿತು. ಅವನು ಹೆದರಿದ. ಏನೂ ನೆನಪಾಗಲಿಲ್ಲ. ಹಲಗೆ ನೆನಪಾಗಲಿಲ್ಲ. ಕೊಕ್ಕೆ ನೆನಪಾಗಲಿಲ್ಲ.

ಕಾಲು ಒತ್ತಿತು.

ಮೋಟಾರು ನಿಂತಿತು. ಕಂಬ ಇನ್ನೊಂದು ಸುತ್ತು ಬಂದು ನಿಂತಿತು. ಸೀಳಿರಲಿಲ್ಲ. ಕೈಗೂ ಏನಾಗಿರಲಿಲ್ಲ. ಮನೆಯಲ್ಲಿ ಸದ್ದಿಲ್ಲ.

ಅವನು ಬಾಗಿಲ ಕಡೆ ತಿರುಗಿ ಸಿಟ್ಟಿನಿಂದ ಕೇಳಿದ.

“ಹೇಳೋ ಮುಂಚೆ ಯಾಕೆ ಆರಿಸಿದೆ?”

ಬಾಗಿಲ ಪಕ್ಕ ಯಾರೂ ಇರಲಿಲ್ಲ. ಗೋಡೆಯಲ್ಲಿ ಸ್ವಿಚ್ಚು ಇತ್ತು. ಗೂಟದಲ್ಲಿ ಬಟ್ಟೆ ಇತ್ತು.

ಅವನು ಆಮೇಲೆ ಬಗ್ಗಿದ. ನೆಲಕ್ಕೆ ಮೊಣಕಾಲೂರಿ ಹಲಗೆಯನ್ನು ಎರಡು ಕೈಯಿಂದ ಎತ್ತಿದ. ಕಂಬ ಮುಗಿಸಿದ.

ತೊಟ್ಟಿಲು ಆಯಿತು. ಮಗಳು ಹೆತ್ತಳು. ಮಗು ಅದರಲ್ಲಿ ಮಲಗಿತು.

ಗುರುಗಳು ಕತೆ ನಿಲ್ಲಿಸಿದರು.

ಚನ್ನಂಜಯ್ಯ ಇನ್ನೂ ಏನೋ ಇದೆ ಎಂದು ಕಾದ.

“ಬುದ್ಧಿ, ಆಮೇಲಾದರೂ ಅವನ ಕಾಲು ಎತ್ತೋದು ಕಲೀತಾ?”

“ಇಲ್ಲ. ಇದ್ದಷ್ಟು ದಿನವೂ ಒತ್ತುತ್ತಲೇ ಇತ್ತು.”

“ಮತ್ತೆ, ನಾನೇನು ಮಾಡಲಿ?”

ಗುರುಗಳು ನೆಲದ ಮೇಲಿದ್ದ ಜಪಸರವನ್ನು ಎತ್ತಿದರು. ಧೂಳು ಒರೆಸಿದರು. ಚನ್ನಂಜಯ್ಯನ ತೊಡೆಯ ಮೇಲಿದ್ದ ಗಂಟನ್ನು ಪಕ್ಕಕ್ಕೆ ಇಟ್ಟು, ಸರವನ್ನು ಅವನ ಕೈಗೆ ಕೊಟ್ಟರು.

“ನಾಳೆಯಿಂದ ಹೊಂಬಾಳಮ್ಮನ ಹೆಸರಿನಿಂದಲೇ ಜಪ ಶುರುಮಾಡು, ಹೆದರಿದಾಗ ನೀನು ಕೂಗುವ ಹೆಸರಿನಲ್ಲೇ ಶಿವ ಕಾದಿರಲಿ.”

ಚನ್ನಂಜಯ್ಯ ಮೊದಲ ಮಣಿಯನ್ನು ಬೆರಳಲ್ಲಿ ಹಿಡಿದುಕೊಂಡ.